ಒಂದಕ್ಕೆ ಹನ್ನೆರಡು

ಆದಿತ್ಯವಾರ ಬೆಳಿಗ್ಗೆ ಏಳಕ್ಕೇ ಬಂದರು ಮೂರು ಮಕ್ಕಳು,
ಅಳತೆಪಟ್ಟಿ, ಸೀಮೆಸುಣ್ಣ,
ಯಾವುದೋ ಮೇಸ್ತ್ರಿಯಿಂದ ಕೇಳಿ ತಂದ ರಸಮಟ್ಟ.
ಈ ಊರಿನ ಮೆಟ್ಟಿಲುಗಳ ಲೆಕ್ಕ
ನನ್ನ ಹತ್ತಿರ ಉಂಟೆಂದು ಯಾರೋ ಹೇಳಿದ್ದರಂತೆ.

ಉಂಟು.
ಹತ್ತದವರಿಗೇ ಲೆಕ್ಕ ಬಾಯಿಪಾಠ.
ಹಂಪನಕಟ್ಟೆಯ ಬ್ಯಾಂಕಿಗೆ ಐದು.
ಹಲ್ಲಿನ ಡಾಕ್ಟರಿಗೆ ಒಂಬತ್ತು, ಒಂದು ತಿರುವು, ಮತ್ತೆ ಒಂಬತ್ತು,
ಹಾಗಾಗಿ ನನ್ನ ಎಡದವಡೆಯ ಹಲ್ಲು
ಕಾದು ಕಾದು ತಾನಾಗಿ ಬಿತ್ತು.

ಈ ಊರಿಗೆ ಇಳಿಜಾರು ಗೊತ್ತಿಲ್ಲವೆಂದಲ್ಲ, ಮಾರಾಯ್ರೆ.
ಕದ್ರಿಯಲ್ಲಿ ಕೈತಪ್ಪಿದ ಚೆಂಡು ಮಲ್ಲಿಕಟ್ಟೆಯಲ್ಲೂ ನಿಲ್ಲುವುದಿಲ್ಲ,
ಬಾವುಟಗುಡ್ಡೆಯ ಮೇಲೆ ಬಿದ್ದ ನೀರು
ಯಾರ ಕೈಯನ್ನೂ ಹಿಡಿಯದೆ ಬಂದರು ಮುಟ್ಟುತ್ತದೆ.
ಇಡೀ ಊರೇ ಒಂದು ಜಾರು.
ಬಾಗಿಲ ಎದುರು ಮಾತ್ರ ಯಾಕೋ
ನೆಟ್ಟಗೆ ನಿಲ್ಲುವ ಹಟ.

ಗ್ಲಾನಿಶ್ ಕೂತು ಅಳೆದ: ಏಳು ಇಂಚು.
ಒಂದಕ್ಕೆ ಹನ್ನೆರಡು, ಎಂದಳು ಮಿಸ್ರಿಯಾ,
ಅಂದರೆ ಏಳಡಿ ಜಾರು ಬೇಕು.
ಫುಟ್‌ಪಾತ್ ಇರುವುದೇ ನಾಲ್ಕೂವರೆ.
ಮಗ್ಗಿ ಸರಿ ಉಂಟು, ಜಾಗ ಇಲ್ಲ.

ಅವರಲ್ಲಿ ಸಣ್ಣವ ತೇಜಾಕ್ಷ.
ನಾನೊಮ್ಮೆ ಕೂತು ನೋಡ್ಲಾ ಅಕ್ಕ, ಅನುಭವಕ್ಕೆ?
ಕೈಯೂರಿ ನಾನು ಜಗಲಿಗೆ ಸರಿದೆ.
ಹೋದ, ಚೆನ್ನಾಗಿಯೇ ಹೋದ, ಮೀನಿನ ಟೆಂಪೋ ದಾಟಿ,
ಚರಂಡಿ ಚಪ್ಪಡಿಯ ಸಂದಿಯಲ್ಲಿ
ಮುಂದಿನ ಚಕ್ರ ಸಿಕ್ಕಿಕೊಂಡಿತು.
ಏನೂ ಯೋಚಿಸದೆ
ಎದ್ದು ನಿಂತು
ಗಾಡಿ ಎತ್ತಿ ಬಿಡಿಸಿದ.

ಅಲ್ಲಿಂದ ಅವನು, ಇಲ್ಲಿಂದ ನಾನು
ಒಬ್ಬರನ್ನೊಬ್ಬರು ನೋಡಿದೆವು.
ಅವನ ಕಿವಿ ಕೆಂಪಾಯಿತು.
ಮತ್ತೆ ಅವನು ಕೂತು ನೋಡ್ತೇನೆ ಅನ್ನಲಿಲ್ಲ,
ಅಳತೆಪಟ್ಟಿಯ ಆ ತುದಿ ಹಿಡಿದು
ಮಧ್ಯಾಹ್ನದವರೆಗೆ ಮಾತೇ ಇಲ್ಲ.

ಹತ್ತು ಗಂಟೆಗೆ ಬೆಳ್ಳಿಯಂಚಿನ ಕೋಲು ಕುಟ್ಟುತ್ತ ಐತಪ್ಪಣ್ಣ.
ಅವರಿಗೆಂದೇ ಹಾಸಿದ ಹಳದಿ ಕಲ್ಲಿನ ಸಾಲು,
ಉಬ್ಬು ಉಬ್ಬು, ಪಾದಕ್ಕೆ ಓದಲು.
ಓದುತ್ತ ಓದುತ್ತ ಹೋದರು,
ನೇರ ಕರೆಂಟು ಕಂಬಕ್ಕೆ.
ಹಾಕಿದವನಿಗೆ ಕಣ್ಣು ಉಂಟಂತಾ? ಎಂದರು,
ಕಂಬವನ್ನು ನೆಂಟನ ಹಾಗೆ ತಬ್ಬಿಕೊಂಡು.
ಮಿಸ್ರಿಯಾ ನಗುತ್ತ ಬರೆದಳು. ಮತ್ತೆ ನಗು ನಿಲ್ಲಿಸಿ ಬರೆದಳು.

ಸೀರೆ ಅಂಗಡಿಯ ವಾಮನ ಶೆಣೈರು ಒಪ್ಪಲಿಲ್ಲ.
ಜಾರು ಮಾಡಿದರೆ ಆಟಿಯ ಮಳೆಗೆ ನೀರು ಒಳಗೇ.
ಹಿಂದೆ ಗೋಡೌನಿನ ಬಾಗಿಲುಂಟಲ್ಲ,
ಅಲ್ಲಿಂದ ಬರ್ಲಿ. ಮೂಟೆ ಬರುವುದೂ ಅಲ್ಲಿಂದಲೇ.

ಅಕ್ಕ ಮೂಟೆ ಅಲ್ಲ ಸರ್.

ತೇಜಾಕ್ಷ. ಆ ದಿನದ ಮೊದಲ ಮಾತು.
ಶೆಣೈರು ಕನ್ನಡಕ ತೆಗೆದು ಒರೆಸಿದರು,
ಒರೆಸಿದ್ದನ್ನೇ ಒರೆಸಿದರು.

ಮೂರು ಆದಿತ್ಯವಾರ ಹಿಡಿಯಿತು.
ಏಳಡಿಯನ್ನು ಗೋಡೆಗುಂಟ ತಿರುಗಿಸಿ ಮಲಗಿಸಿದರು,
ನೀರಿಗೆ ಬೇರೆಯೇ ಒಂದು ತೋಡು ಕಡಿದರು,
ಕೆಂಪುಕಲ್ಲು ಗ್ಲಾನಿಶನ ಮಾವನ ಕೋರೆಯದ್ದು.
ಹಸಿ ಸಿಮೆಂಟಿನ ಮೇಲೆ ಹಿಡಿಸೂಡಿಯಿಂದ ಗೀರಿದರು,
ಚಕ್ರ ಜಾರಬಾರದಲ್ಲ.
ರಾತ್ರಿ ಯಾವುದೋ ನಾಯಿ ನಡೆದು ಹೋಗಿ
ನಾಲ್ಕು ಕಾಲಿನ ರುಜು ಹಾಕಿತ್ತು.
ಇರಲಿ, ಅಳಿಸಬೇಡಿ ಎಂದೆ,
ಉದ್ಘಾಟನೆ ಅದರದ್ದೇ.

ಇಪ್ಪತ್ತೆರಡು ವರ್ಷ
ಅಂಗಡಿಯೇ ರಸ್ತೆಗಿಳಿದು ನನ್ನ ಹತ್ತಿರ ಬಂದಿತ್ತು,
ಮೂರು ಸೀರೆ ಹಿಡಿದು, ಇದರಲ್ಲಿ ಒಂದು ಆರಿಸಿ ಎಂದು.
ಬೂದು, ಕಂದು, ಕಡುನೀಲಿ.
ನನಗೆ ಇಷ್ಟದ ಬಣ್ಣ ಅದೇ ಎಂದು
ನಾನೂ ನಂಬಿದ್ದೆ.

ಮೊನ್ನೆ ಒಳಗೆ ಹೋದೆ, ಮುಂದಿನ ಬಾಗಿಲಿಂದ,
ನನ್ನ ಕೈಯಲ್ಲಿ ನನ್ನ ಚಕ್ರ.
ಗೋಡೆ ತುಂಬ, ಅಟ್ಟದವರೆಗೆ,
ಅರಸಿನ, ಗಿಳಿಹಸಿರು, ಪುನರ್ಪುಳಿಯ ಕೆಂಪು,
ಹೆಸರೇ ಇಲ್ಲದ ಒಂದು ನೇರಳೆ.
ಒಂದೊಂದನ್ನೂ ಬಿಚ್ಚಿಸಿದೆ. ಬೆಳಕಿಗೆ ಹಿಡಿಸಿದೆ.
ಸೆರಗು ತೋರಿಸಿ ಎಂದೆ. ಮೇಲಿನದ್ದು, ಅದಲ್ಲ, ಅದರ ಪಕ್ಕದ್ದು.

ಎಂತ ಬೇಕಿತ್ತು ಅಂತ?
ಎಂತದೂ ಬೇಡ, ಸುಮ್ಮನೆ ನೋಡ್ಲಿಕ್ಕೆ ಬಂದದ್ದು.

ಶೆಣೈರು
ಎಲ್ಲ ಗಿರಾಕಿಗಳಿಗೂ ತೋರಿಸುವ ಆ ಹುಳಿ ಮುಖವನ್ನು
ನನಗೂ ತೋರಿಸಿದರು.